ಪರ್ಮ್ಯಾಂಗನೇಟ್ ಲೆಕ್ಕ ಮಾಡೋದು ಹೇಗೆ? ಮೊದ್ಲು ಎಲೆಕ್ಟ್ರಾನ್ ಎಣಿಸಿ

ರೆಡಾಕ್ಸ್ ಟೈಟ್ರೇಶನ್ (ಎಲೆಕ್ಟ್ರಾನ್ ಕೊಟ್ಟು ತಗೊಳ್ಳೋ ರಿಯಾಕ್ಷನ್ ಬಳಸಿ, ಸಾಂದ್ರತೆ ಗೊತ್ತಿರೋ ದ್ರಾವಣದಿಂದ ಗೊತ್ತಿಲ್ಲದ್ದನ್ನ ಅಳೆಯೋದು) ಲೆಕ್ಕ ಅಂದ್ರೆ ತುಂಬಾ ಜನ ಸೀದಾ ಎಂ1ವಿ1 ಈಕ್ವಲ್ ಟು ಎಂ2ವಿ2 (ಎಂ ಅಂದ್ರೆ ಸಾಂದ್ರತೆ, ವಿ ಅಂದ್ರೆ ದ್ರಾವಣದ ಗಾತ್ರ) ಅಂತ ಬರೆದು ಉತ್ತರ ಬರಿಸಿಬಿಡ್ತಾರೆ, ಆದ್ರೆ ಅದು ನಡೆಯೋದು ಒಂದಕ್ಕೊಂದು ಮೋಲ್ ಸೇರೋ ಕಡೆ ಮಾತ್ರ. ಇಲ್ಲಿ ಯಾರು ಎಷ್ಟು ಎಲೆಕ್ಟ್ರಾನ್ ಕೊಟ್ರು, ಯಾರು ಎಷ್ಟು ತಗೊಂಡ್ರು ಅನ್ನೋದು ಗೊತ್ತಾಗದೆ ಮುಂದಕ್ಕೆ ಹೋಗೋ ಹಾಗೇ ಇಲ್ಲ.

ಪರ್ಮ್ಯಾಂಗನೇಟ್ (MnO₄⁻) ಹಾಕಿ ಫೆರಸ್ ಅಯಾನ್ (ಕಬ್ಬಿಣದ +2 ಅಯಾನ್) ಅಳೆಯೋದನ್ನೇ ತಗೊಳ್ಳಿ. ರಿಯಾಕ್ಷನ್ನನ್ನ ಎರಡು ಅರ್ಧ ಮಾಡ್ಕೊಳ್ಳಿ. ಫೆರಸ್ ಕಡೆ ಏನೂ ಕಷ್ಟ ಇಲ್ಲ, +2 ಇದ್ದಿದ್ದು +3 ಆಗುತ್ತೆ, ಒಂದು ಎಲೆಕ್ಟ್ರಾನ್ ಬಿಡುತ್ತೆ, ಅಷ್ಟೇ.

ಇನ್ನೊಂದು ಕಡೆ ಸ್ವಲ್ಪ ನಿಧಾನ. ಎಡಗಡೆ ಪರ್ಮ್ಯಾಂಗನೇಟಲ್ಲಿ 4 ಆಕ್ಸಿಜನ್ ಇದೆ, ಬಲಗಡೆ ಬರೀ ಮ್ಯಾಂಗನೀಸ್ +2, ಹಂಗಾದ್ರೆ ಆಕ್ಸಿಜನ್ ಎಲ್ಲಿ ಹೋಯ್ತು? ನೀರಾಯ್ತು. ಅದಕ್ಕೇ ಬಲಗಡೆ 4 ನೀರು ಬರೀರಿ, ಆ ನೀರಿಗೆ ಬೇಕಾದ 8 ಹೈಡ್ರೋಜನ್ ಅಯಾನ್ ಎಡಗಡೆ ಹಾಕಿ (ಆಸಿಡ್ ಇರೋದೇ ಇದಕ್ಕೆ). ಈಗ ಚಾರ್ಜ್ ನೋಡಿ: ಎಡಗಡೆ ಪರ್ಮ್ಯಾಂಗನೇಟಿನ −1 ಮತ್ತು ಹೈಡ್ರೋಜನ್ ಅಯಾನಿನ +8 ಸೇರಿ +7, ಬಲಗಡೆ +2. ವ್ಯತ್ಯಾಸ 5, ಅಷ್ಟು ಎಲೆಕ್ಟ್ರಾನ್ ಎಡಗಡೆಗೆ.

ತಗೊಳ್ಳೋದು 5, ಕೊಡೋದು 1, ಅಂದ್ಮೇಲೆ ಫೆರಸ್ ಸಾಲನ್ನ 5ರಿಂದ ಗುಣಿಸಿ ಎರಡನ್ನೂ ಕೂಡಿಸಿ. ಎಲೆಕ್ಟ್ರಾನ್ ಹೊಡೆದುಹೋಗುತ್ತೆ, ಎರಡೂ ಕಡೆ ಚಾರ್ಜ್ +17 ಬರ್ಬೇಕು. ಬರ್ಲಿಲ್ಲ ಅಂದ್ರೆ ಲೆಕ್ಕಕ್ಕೆ ಇಳೀಬೇಡಿ, ವಾಪಸ್ ಹೋಗಿ ಹೈಡ್ರೋಜನ್ ನೋಡಿ, ಸಾಮಾನ್ಯವಾಗಿ ಎಡವಟ್ಟಾಗೋದು ಅಲ್ಲೇ.

ಈಗ ನಂಬರ್ ಹಾಕೋಣ. 25 ಎಂಎಲ್ ಫೆರಸ್ ದ್ರಾವಣಕ್ಕೆ 0.02 ಮೋಲಾರ್ (ಲೀಟರಿಗೆ 0.02 ಮೋಲ್) ಪರ್ಮ್ಯಾಂಗನೇಟ್ 20 ಎಂಎಲ್ ಹಿಡೀತು ಅನ್ಕೊಳ್ಳಿ. ಪರ್ಮ್ಯಾಂಗನೇಟ್ 0.0004 ಮೋಲ್, ಫೆರಸ್ ಅದರ ಐದರಷ್ಟು, 0.002 ಮೋಲ್. ಅದನ್ನ 0.025 ಲೀಟರ್‌ನಿಂದ ಭಾಗಿಸಿದ್ರೆ 0.08 ಮೋಲಾರ್, ಅಂದ್ರೆ ಲೀಟರಿಗೆ ಸುಮಾರು 4.47 ಗ್ರಾಂ ಕಬ್ಬಿಣ. ಫಾರ್ಮುಲಾಕ್ಕೆ ಕಣ್ಣುಮುಚ್ಚಿ ಹಾಕಿದ್ದಿದ್ರೆ 0.016 ಬರ್ತಿತ್ತು!

ಆಸಿಡ್ ಅಂತ ಸಿಕ್ಕಿದ್ದನ್ನ ಸುರಿಯೋ ಹಾಗಿಲ್ಲ, ಡೈಲ್ಯೂಟ್ ಸಲ್ಫ್ಯೂರಿಕ್ಕೇ ಬೇಕು. ಹೈಡ್ರೋಕ್ಲೋರಿಕ್ ಹಾಕಿದ್ರೆ ಪರ್ಮ್ಯಾಂಗನೇಟ್ ಕ್ಲೋರೈಡನ್ನೂ ಕ್ಲೋರಿನ್ ಮಾಡೋಕೆ ಹೋಗುತ್ತೆ, ಬ್ಯುರೆಟ್ (ಪರ್ಮ್ಯಾಂಗನೇಟ್ ಹನಿಹನಿಯಾಗಿ ಬಿಡೋ ಅಳತೆ ಕೊಳವೆ) ರೀಡಿಂಗ್ ಸುಮ್ನೆ ಜಾಸ್ತಿ ಬರುತ್ತೆ. ನೈಟ್ರಿಕ್ ಆಸಿಡ್ ತಾನೇ ಫೆರಸ್ಸನ್ನ ಆಕ್ಸಿಡೈಸ್ ಮಾಡಿಬಿಡುತ್ತೆ. ಸಲ್ಫ್ಯೂರಿಕ್ಕೇ ಹಾಕಿದ್ರೂ ಕಮ್ಮಿ ಹಾಕಿದ್ರೆ ಕಂದು ಬಣ್ಣದ ಮ್ಯಾಂಗನೀಸ್ ಡೈಆಕ್ಸೈಡ್ ಕೂರುತ್ತೆ, ಅಲ್ಲಿ ಮ್ಯಾಂಗನೀಸ್ ತಗೊಳ್ಳೋದು 5 ಅಲ್ಲ, 3 ಎಲೆಕ್ಟ್ರಾನ್, ಅಲ್ಲಿಗೆ ನೀವು ಕಷ್ಟಪಟ್ಟು ಮಾಡಿದ 1:5 ಅನುಪಾತ ಕೆಟ್ಟಂಗೇ. ಫ್ಲಾಸ್ಕಲ್ಲಿ ಕಂದು ಕಂಡ್ರೆ ಆ ರೀಡಿಂಗ್ ಬಿಟ್ಹಾಕಿ, ಹೊಸದಾಗಿ ಶುರು ಮಾಡಿ.