499 ರೂಪಾಯಿ ಮೌಸ್ ಕಲಿಸಿದ ಪಾಠ: ಕಮ್ಮಿ ದುಡ್ಡಲ್ಲಿ ಗೇಮಿಂಗ್ ಸಾಮಾನು ಕೊಂಡ ನನ್ನ ಅನುಭವ

ನನ್ನ ಮೊದಲ ‘ಗೇಮಿಂಗ್’ ಮೌಸ್‌ಗೆ ನಾನು ಕೊಟ್ಟದ್ದು 499 ರೂಪಾಯಿ. ಡಬ್ಬದ ಮೇಲೆ ಬೆಂಕಿ ಉಗುಳುವ ಡ್ರ್ಯಾಗನ್, ಅದರ ಕೆಳಗೆ ದಪ್ಪ ಅಕ್ಷರದಲ್ಲಿ 7200 ಡಿಪಿಐ (ಮೌಸ್ ಒಂದು ಇಂಚು ಸರಿದರೆ ಎಷ್ಟು ಹೆಜ್ಜೆ ಎಣಿಸುತ್ತದೆ ಅನ್ನುವ ಲೆಕ್ಕ). ಅದೇ ಹೊತ್ತಿಗೆ ನೋಡಿದ್ದ 1,500 ರೂಪಾಯಿಯ ಇನ್ನೊಂದು ಮೌಸ್‌ಗೆ 8000 ಡಿಪಿಐ ಅಂತ ಇತ್ತು. ಬರೀ 800 ಡಿಪಿಐಗೆ ಸಾವಿರ ರೂಪಾಯಿ ಜಾಸ್ತಿ ಯಾರು ಕೊಡ್ತಾರೆ ಅಂತ ಲೆಕ್ಕ ಹಾಕಿ, ದೊಡ್ಡ ಜಾಣನ ಹಾಗೆ ಡ್ರ್ಯಾಗನ್ ಮೌಸನ್ನೇ ತರಿಸಿಕೊಂಡೆ.

ಐದು ತಿಂಗಳು ಚೆನ್ನಾಗೇ ಇತ್ತು. ಆಮೇಲೆ ಎಡಗಡೆಯ ಗುಂಡಿ ಒಂದು ಸಲ ಒತ್ತಿದರೆ ಎರಡು ಸಲ ಒತ್ತಿದ ಹಾಗೆ ಆಗತೊಡಗಿತು. ಫೋಲ್ಡರ್ ಆರಿಸಿಕೊಳ್ಳೋಣ ಅಂತ ಮುಟ್ಟಿದರೆ ತೆರೆದೇ ಬಿಡುತ್ತಿತ್ತು. ಅದು ಹೋಗಲಿ, ವ್ಯಾಲರೆಂಟ್ ಅನ್ನುವ ಶೂಟಿಂಗ್ ಆಟದಲ್ಲಿ ಗುಂಡಿ ಒತ್ತಿ ಹಿಡಿದು ಗುಂಡು ಹಾರಿಸುತ್ತಿದ್ದರೆ ಮಧ್ಯದಲ್ಲಿ ತಾನೇ ಬಿಟ್ಟುಬಿಡುತ್ತಿತ್ತು, ನಾನು ಸತ್ತು ಬಿದ್ದಿರುತ್ತಿದ್ದೆ, ಇಯರ್‌ಫೋನ್‌ನಲ್ಲಿ ನಮ್ಮ ಚಿಕ್ಕಪ್ಪನ ಮಗ “ಏನೋ ಮಾಡ್ತಿದ್ದೀಯ ಅಣ್ಣ?” ಅಂತ ಕೂಗುತ್ತಿದ್ದ. ವಾರಂಟಿ ಕೇಳೋಣ ಅಂದರೆ ಮಾರಿದವನ ಅಂಗಡಿಯೇ ಆ ಆಪ್‌ನಿಂದ ಮಾಯವಾಗಿತ್ತು. ಬಿಲ್ ಅಂತೂ ನಾನು ಇಟ್ಟುಕೊಂಡಿರಲೇ ಇಲ್ಲ. ಅಲ್ಲಿಗೆ ಮುಗಿಯಿತು.

ಈ ಸಲ ಕೈಯಲ್ಲಿ ಹಿಡಿದು ನೋಡದೆ ಕೊಳ್ಳುವುದಿಲ್ಲ ಅಂತ ತೀರ್ಮಾನ ಮಾಡಿದೆ. ನಮ್ಮದು ತುಮಕೂರು. ಇಲ್ಲಿನ ಅಂಗಡಿಗಳಲ್ಲಿ ಆಫೀಸ್ ಮೌಸ್ ಸಿಗುತ್ತವೆ, ಗೇಮಿಂಗ್ ಮೌಸ್ ಅಂದರೆ ಗಾಜಿನ ಹಿಂದೆ ಒಂದೋ ಎರಡೋ, ಅದೂ ಡಬ್ಬ ಒಡೆಯುವ ಹಾಗಿಲ್ಲ. ಹಾಗಾಗಿ ರೈಲು ಹತ್ತಿ, ಕಂಪ್ಯೂಟರ್ ಸಾಮಾನಿನ ಅಂಗಡಿಗಳು ಸಾಲಾಗಿರುವ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದೆ. ಮೆಜೆಸ್ಟಿಕ್‌ನಲ್ಲಿ ಇಳಿದು ಹಸಿರು ಮೆಟ್ರೋದಲ್ಲಿ ಒಂದೇ ಸ್ಟಾಪ್, ಚಿಕ್ಕಪೇಟೆ. ಅಲ್ಲಿಂದ ನಡೆದುಕೊಂಡೇ ಹೋಗಬಹುದು. ಆದರೆ ನಾನು ಮೊದಲ ಸಲ ಹೋದದ್ದು ಭಾನುವಾರ! ಶಟರ್‌ಗಳನ್ನು ನೋಡಿಕೊಂಡು, ಒಂದು ದೋಸೆ ತಿಂದು ವಾಪಸ್ ಬಂದೆ. ನೀವು ವಾರದ ದಿನ ಹೋಗಿ, ಬೆಳಿಗ್ಗೆ ಹನ್ನೊಂದರ ಮೇಲೆ.

ಎರಡನೇ ಸಲ ಒಂದು ಸಣ್ಣ ಅಂಗಡಿಗೆ ಹೊಕ್ಕು, ಒಳ್ಳೆ ಡಿಪಿಐ ಇರುವ ಮೌಸ್ ತೋರಿಸಿ ಅಂದೆ. ಕೌಂಟರ್ ಹಿಂದೆ ಇದ್ದವರು ನಕ್ಕು, ಡೆಮೋಗೆ ಇಟ್ಟಿದ್ದ ನಾಲ್ಕು ಮೌಸ್‌ಗಳನ್ನು ಮುಂದೆ ಜೋಡಿಸಿ, “ಡಿಪಿಐ ಆಮೇಲೆ ನೋಡೋಣ ಸರ್, ಮೊದ್ಲು ಕೈ ಇಡಿ” ಅಂದರು.

ಕೈ ಇಟ್ಟಾಗಲೇ ಗೊತ್ತಾಗಿದ್ದು, ನಾನು ಮೌಸನ್ನು ಅಂಗೈ ಪೂರ್ತಿ ಊರಿ ಹಿಡಿಯುವವನೇ ಅಲ್ಲ ಅಂತ. ಬೆರಳು ಬಗ್ಗಿಸಿ ಏಡಿ ಹಿಡಿದ ಹಾಗೆ ಹಿಡಿಯುತ್ತೇನೆ, ಅಂಗೈಯ ಹಿಂಭಾಗ ಮಾತ್ರ ತಗಲುತ್ತದೆ. ಇದಕ್ಕೆ ಕ್ಲಾ ಗ್ರಿಪ್ ಅನ್ನುತ್ತಾರೆ. ನನ್ನ ಕೈ ಮಣಿಕಟ್ಟಿನಿಂದ ನಡುಬೆರಳಿನ ತುದಿವರೆಗೆ 17.5 ಸೆಂ.ಮೀ., ದೊಡ್ಡ ಕೈ ಏನಲ್ಲ. ರೇಜರ್ ಡೆತ್‌ಆ್ಯಡರ್ ಎಸೆನ್ಷಿಯಲ್ ಹಿಡಿದೆ, ಅದು 127 ಮಿ.ಮೀ. ಉದ್ದ, ಬೆನ್ನು ಉಬ್ಬಿಕೊಂಡಿರುತ್ತದೆ, ದೊಡ್ಡ ಕೈಯವರಿಗೆ ಹೇಳಿ ಮಾಡಿಸಿದ ಹಾಗಿದೆ. ನನಗೆ ಲಾರಿ ಓಡಿಸಿದಂತಾಯಿತು. ಲಾಜಿಟೆಕ್ ಜಿ102 ಹಿಡಿದೆ, 116.6 ಮಿ.ಮೀ., 85 ಗ್ರಾಂ, ಎರಡೂ ಕಡೆ ಒಂದೇ ಆಕಾರ. ಬೆರಳು ತಾವಾಗಿಯೇ ಜಾಗ ಹುಡುಕಿಕೊಂಡವು. ಅದೇ ಆಕಾರದ ವೈರ್‌ಲೆಸ್ ಜಿ304 ಕೂಡ ಇತ್ತು, ಒಳಗೆ ಒಂದು ಎಎ ಸೆಲ್ ಹಾಕಬೇಕು, ಸೆಲ್ ಸೇರಿ 99 ಗ್ರಾಂ. ವೈರ್ ಇಲ್ಲದಿರುವುದು ಹಿತವೇ, ಆದರೆ ಬೆಲೆ ಹೆಚ್ಚುಕಡಿಮೆ ಎರಡರಷ್ಟು. ಹದಿನಾಲ್ಕು ಗ್ರಾಂ ಅಂದರೆ ಏನು ಮಹಾ ಅನ್ನಿಸಬಹುದು, ಆದರೆ ರಾತ್ರಿ ಎರಡು ಗಂಟೆ ಹೊತ್ತು ಎತ್ತಿ ಇಡುವಾಗ ಮಣಿಕಟ್ಟಿಗೆ ಗೊತ್ತಾಗುತ್ತದೆ.

ಅವರೇ ಒಂದು ಪರೀಕ್ಷೆ ತೋರಿಸಿದರು. ಮೊದಲು ವಿಂಡೋಸ್‌ನ ಮೌಸ್ ಸೆಟ್ಟಿಂಗ್‌ನಲ್ಲಿ ‘ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಷನ್’ ಅನ್ನುವುದರ ಟಿಕ್ ತೆಗೆದರು. ಮೌಸ್ ಪ್ಯಾಡ್ ಮೇಲೆ ಎರಡು ಗುರುತು ಹಾಕಿ, ಮೊದಲ ಗುರುತಿನಿಂದ ಎರಡನೆಯದಕ್ಕೆ ಮೌಸನ್ನು ನಿಧಾನವಾಗಿ ತಂದರು, ಅಲ್ಲಿಂದ ರಪ್ಪನೆ ವಾಪಸ್ ಎಳೆದರು. ಬಾಣದ ಗುರುತು ಹೊರಟಲ್ಲಿಗೇ ಬಂದು ನಿಂತರೆ ಸೆನ್ಸರ್, ಅಂದರೆ ಮೌಸ್ ಎಷ್ಟು ಸರಿಯಿತು ಅಂತ ಅಳೆಯುವ ಭಾಗ, ಸರಿ ಇದೆ ಅಂತ. ಅವರಲ್ಲಿದ್ದ ಒಂದು ಅಗ್ಗದ ಮೌಸ್ ಜೋರಾಗಿ ಎಳೆದಾಗ ಎಲ್ಲೆಲ್ಲೋ ಹೋಯಿತು. ನನ್ನ ಡ್ರ್ಯಾಗನ್ ಕೂಡ ಹೀಗೇ ಮಾಡುತ್ತಿತ್ತು. ಹಿಂದಿನಿಂದ ಯಾರೋ ಬಂದರು ಅಂತ ಸರಕ್ಕನೆ ತಿರುಗಿದರೆ ನಾನು ಆಕಾಶ ನೋಡುತ್ತಾ ನಿಂತಿರುತ್ತಿದ್ದೆ. ನನ್ನ ಕೈಯದೇ ತಪ್ಪು ಅಂತ ಅಷ್ಟು ದಿನ ಅಂದುಕೊಂಡಿದ್ದೆ.

ಜಿ102 ತಗೊಂಡೆ, 1,450 ರೂಪಾಯಿ. ಈ ಸಲ ಬಿಲ್ ಕೂಡ ತಗೊಂಡೆ, ಮನೆಗೆ ಬಂದು ಫೋಟೋ ತೆಗೆದೂ ಇಟ್ಟೆ.

ಈಗ ಡಿಪಿಐ ವಿಷಯ. ಮೌಸ್ ಹೊಟ್ಟೆಯಲ್ಲಿ ಇರುವುದು ಒಂದು ಪುಟಾಣಿ ಕ್ಯಾಮೆರಾ. ಕೆಳಗಿನ ಬಟ್ಟೆಯದೋ ಮೇಜಿನದೋ ಫೋಟೋಗಳನ್ನು ಸೆಕೆಂಡಿಗೆ ಸಾವಿರಾರು ಸಲ ತೆಗೆಯುತ್ತಾ, ಹಿಂದಿನ ಫೋಟೋಗೆ ಹೋಲಿಸಿ ಎಷ್ಟು ಸರಿದೆ ಅಂತ ಹೇಳುತ್ತದೆ. 800 ಡಿಪಿಐ ಅಂದರೆ ಒಂದು ಇಂಚು ಸರಿಸಿದರೆ 800 ಹೆಜ್ಜೆ ಅಂತ ಎಣಿಸುತ್ತದೆ, ಅಷ್ಟೇ. ಹೆಜ್ಜೆ ಜಾಸ್ತಿ ಆದರೆ ಬಾಣ ಬೇಗ ಓಡುತ್ತದೆ, ಗುರಿ ಚೆನ್ನಾಗೇನೂ ಆಗುವುದಿಲ್ಲ. ಡಬ್ಬದ ಮೇಲಿನ ದೊಡ್ಡ ಸಂಖ್ಯೆಯನ್ನು ಕೆಲವು ಅಗ್ಗದ ಮೌಸ್‌ಗಳು ಸುಮ್ನೆ ಗುಣಿಸಿ ಹೇಳುತ್ತವೆ, ಸೆನ್ಸರ್ ಅಷ್ಟು ನೋಡಿಯೇ ಇರುವುದಿಲ್ಲ.

ನಾನು ಹಳೆಯ ಮೌಸ್‌ನಲ್ಲಿ 3200 ಡಿಪಿಐ ಇಟ್ಟು, ಆಟದೊಳಗಿನ ಸೆನ್ಸಿಟಿವಿಟಿ (ಮೌಸ್ ಸರಿಸಿದಾಗ ಆಟದಲ್ಲಿ ಎಷ್ಟು ತಿರುಗಬೇಕು ಅನ್ನುವ ಸೆಟ್ಟಿಂಗ್) 1ರಲ್ಲಿ ಆಡುತ್ತಿದ್ದೆ. ವ್ಯಾಲರೆಂಟ್‌ನಲ್ಲಿ ಮೌಸ್‌ನ ಒಂದು ಹೆಜ್ಜೆಗೆ ಸೆನ್ಸಿಟಿವಿಟಿ 1ರಲ್ಲಿ 0.07 ಡಿಗ್ರಿ ತಿರುಗುತ್ತದೆ. ಲೆಕ್ಕ ಹಾಕಿದರೆ ನಾನು ಒಂದು ಸುತ್ತು ಪೂರ್ತಿ ತಿರುಗಲು ಮೌಸನ್ನು ಸರಿಸುತ್ತಿದ್ದದ್ದು ಬರೀ 4 ಸೆಂ.ಮೀ.! ಕೈ ಸ್ವಲ್ಪ ನಡುಗಿದರೂ ಗುರಿ ಪಕ್ಕದ ಮನೆಗೆ ಹೋಗುತ್ತಿತ್ತು. ಈಗ 800 ಡಿಪಿಐ, ಸೆನ್ಸಿಟಿವಿಟಿ 0.4. ಎರಡನ್ನೂ ಗುಣಿಸಿದರೆ 320, ಇದನ್ನು ಆಡುವವರು ಇಡಿಪಿಐ ಅನ್ನುತ್ತಾರೆ. ಈಗ ಒಂದು ಸುತ್ತಿಗೆ ಸುಮಾರು 40 ಸೆಂ.ಮೀ. ಬೇಕು, ಹಿಂದೆ ತಿರುಗಿ ನೋಡಬೇಕು ಅಂದರೆ ಒಂದು ಗೇಣು. ಮೊದಲ ವಾರ ತೋಳು ನೋವು ಬಂತು, ಎಲ್ಲದಕ್ಕೂ ತಡವಾಗುತ್ತಿದೆ ಅನ್ನಿಸಿತು, ಮೂರನೇ ವಾರದಿಂದ ತಲೆಗೆ ಗುರಿ ಇಟ್ಟರೆ ತಲೆಗೇ ಬೀಳತೊಡಗಿತು. 8000 ಡಿಪಿಐ ಮೌಸ್ ಕೊಂಡು 800ರಲ್ಲಿ ಆಡುತ್ತಿದ್ದೇನೆ, ನೋಡಿ ತಮಾಷೆ.

ಪೋಲಿಂಗ್ ರೇಟ್ ಅಂತ ಇನ್ನೊಂದು ಸಂಖ್ಯೆ ಬರೆದಿರುತ್ತಾರೆ. ಮೌಸ್ ಕಂಪ್ಯೂಟರಿಗೆ ಸೆಕೆಂಡಿಗೆ ಎಷ್ಟು ಸಲ ಸುದ್ದಿ ಕಳಿಸುತ್ತದೆ ಅನ್ನುವುದು. ಸಾಮಾನ್ಯ ಆಫೀಸ್ ಮೌಸ್ 125 ಸಲ, ಅಂದರೆ 8 ಮಿಲಿಸೆಕೆಂಡಿಗೆ ಒಮ್ಮೆ. ಜಿ102 ಥರದವು 1000 ಸಲ. ಇದು ಬೇಕು. ಆದರೆ ಅದಕ್ಕಿಂತ ಮೇಲೆ 8000 ಅಂತೆಲ್ಲ ಬರೆದದ್ದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ. ನನ್ನದು 60 ಹರ್ಟ್ಸ್ ಮಾನಿಟರ್, ಅದು ಹೊಸ ಚಿತ್ರ ತೋರಿಸುವುದೇ 16.7 ಮಿಲಿಸೆಕೆಂಡಿಗೆ ಒಂದು. ಮೌಸ್ ಅದಕ್ಕಿಂತ ಬೇಗ ಎಷ್ಟು ಕೂಗಿದರೂ ಮಾನಿಟರ್ ನಿಧಾನಕ್ಕೇ ತೋರಿಸುತ್ತದೆ.

ಆಗಲೇ ಹೇಳಿದ ವಿಂಡೋಸ್‌ನ ಟಿಕ್ ಕೂಡ ಮನೆಯಲ್ಲಿ ತೆಗೆಯಿರಿ. ಅದು ಇದ್ದರೆ ಕೈ ಎಷ್ಟು ಜೋರಾಗಿ ಸರಿಯಿತು ಅನ್ನುವುದರ ಮೇಲೆ ಬಾಣ ಓಡುವ ದೂರ ಬದಲಾಗುತ್ತದೆ. ಈಗಿನ ಹಲವು ಆಟಗಳು ವಿಂಡೋಸ್‌ನ ಲೆಕ್ಕ ಬಿಟ್ಟು ನೇರವಾಗಿ ಮೌಸ್‌ನಿಂದಲೇ ಓದುತ್ತವೆ, ಆದರೂ ಹಳೆಯ ಆಟಗಳಲ್ಲಿ ಇದು ಕಾಡುತ್ತದೆ.

ಪ್ಯಾಡ್ ಬಗ್ಗೆ ನನಗೆ ಮೊದಲು ಅಸಡ್ಡೆ ಇತ್ತು. ನಮ್ಮನೆ ಮೇಜಿಗೆ ಗಾಜು ಹಾಕಿಸಿದ್ದಾರೆ, ಗಾಜಿನ ಮೇಲೆ ಈ ಕ್ಯಾಮೆರಾಗೆ ಫೋಟೋ ತೆಗೆಯಲು ಏನೂ ಕಾಣುವುದಿಲ್ಲ. ಹಳೆ ಕ್ಯಾಲೆಂಡರಿನ ರಟ್ಟು ಇಟ್ಟುಕೊಂಡು ಆಡುತ್ತಿದ್ದೆ, ಅದರ ಅಂಚಿಗೆ ಬಂದಾಗಲೆಲ್ಲ ಮೌಸ್ ಎತ್ತಿ ಇಡಬೇಕು. 40 ಸೆಂ.ಮೀ. ಲೆಕ್ಕ ಗೊತ್ತಾದ ಮೇಲೆ 45×40 ಸೆಂ.ಮೀ. ಬಟ್ಟೆ ಪ್ಯಾಡ್ ತಂದೆ, ಅಂಚಿಗೆ ಹೊಲಿಗೆ ಇರುವುದು, 400 ರೂಪಾಯಿ. ಕೊಟ್ಟ ದುಡ್ಡಿಗೆ ಅತಿ ಜಾಸ್ತಿ ಬದಲಾವಣೆ ಕಂಡದ್ದು ಇದರಲ್ಲೇ. ಕೀಬೋರ್ಡಿನ ಕೆಳಗೂ ಹೋಗುವ 90 ಸೆಂ.ಮೀ. ಚಾಪೆಗಳು ನೋಡಲು ಚೆಂದ, ಆದರೆ ಮೌಸ್‌ಗೆ ಸಿಗುವ ಜಾಗ ಅಷ್ಟೇ. ಎರಡು ತಿಂಗಳಿಗೊಮ್ಮೆ ಬಕೆಟ್‌ನಲ್ಲಿ ಶಾಂಪೂ ಹಾಕಿ ತೊಳೆದು ನೆರಳಲ್ಲಿ ಒಣಗಿಸುತ್ತೇನೆ. ಕೈ ಬೆವರಿನಿಂದ ಕಪ್ಪಾದ ಜಾಗದಲ್ಲಿ ಮೌಸ್ ತಡೆಯುತ್ತದೆ, ತೊಳೆದ ಮೇಲೆ ಹೊಸದರ ಹಾಗೆ ಜಾರುತ್ತದೆ. ಮೌಸ್ ವೈರ್ ಪ್ಯಾಡಿನ ಅಂಚಿಗೆ ಉಜ್ಜಿ ಎಳೆಯದಿರಲಿ ಅಂತ ಅದನ್ನು ಹಿಡಿದಿಡಲು ಸ್ಟ್ಯಾಂಡ್‌ಗಳನ್ನೂ ಮಾರುತ್ತಾರೆ. ನಾನು ಬಟ್ಟೆ ಕ್ಲಿಪ್ ಒಂದನ್ನು ಮಾನಿಟರ್ ಕಾಲಿಗೆ ಸಿಕ್ಕಿಸಿ, ಸ್ವಲ್ಪ ವೈರ್ ಸಡಿಲ ಬಿಟ್ಟು, ಅದರಲ್ಲಿ ಹಿಡಿಸಿದ್ದೇನೆ.

ಹೆಡ್‌ಸೆಟ್ ನಾನು ಕೊಳ್ಳಲೇ ಇಲ್ಲ. ‘7.1’, ಅಂದರೆ ಸುತ್ತ ಎಂಟು ಸ್ಪೀಕರ್ ಇಟ್ಟ ಹಾಗಿನ ಸದ್ದು, ಅಂತ ಬರೆದ ಅಗ್ಗದ ಹೆಡ್‌ಸೆಟ್‌ಗಳಲ್ಲಿ ಹೆಚ್ಚಿನವು ಎರಡೇ ಸ್ಪೀಕರ್ ಇಟ್ಟು, ಉಳಿದದ್ದನ್ನು ಸಾಫ್ಟ್‌ವೇರ್‌ನಲ್ಲಿ ಹುಟ್ಟಿಸುವಂಥವು. ವ್ಯಾಲರೆಂಟ್ ಒಳಗೇ ಎಚ್‌ಆರ್‌ಟಿಎಫ್ ಅಂತ, ಎರಡೇ ಕಿವಿಗೆ ಸದ್ದಿನ ದಿಕ್ಕು ತಿಳಿಯುವ ಹಾಗೆ ಮಾಡುವ ಆಯ್ಕೆ ಇದೆ, ಅದನ್ನು ಆನ್ ಮಾಡಿ ಸಾಧಾರಣ ಎರಡು ಕಿವಿಯ ಇಯರ್‌ಫೋನ್ ಹಾಕಿದರೆ ಹೆಜ್ಜೆ ಸದ್ದು ಯಾವ ಕಡೆಯಿಂದ ಅಂತ ಚೆನ್ನಾಗೇ ಗೊತ್ತಾಗುತ್ತದೆ. ಅದರ ಮೇಲೆ 7.1 ಕೂಡ ಆನ್ ಮಾಡಿದರೆ ಎರಡೂ ಸೇರಿ ಕಲಸುಮೇಲೋಗರ. ಮೊಬೈಲ್‌ಗೆ ಬಳಸುತ್ತಿದ್ದ ಮೈಕ್ ಇರುವ ಇಯರ್‌ಫೋನ್ ನನ್ನಲ್ಲಿ ಇತ್ತು. ಅದರ ಪಿನ್ ಒಂದೇ, ನನ್ನ ಡೆಸ್ಕ್‌ಟಾಪ್‌ನಲ್ಲಿ ಮೈಕ್‌ಗೆ ಬೇರೆ ತೂತು, ಸೌಂಡ್‌ಗೆ ಬೇರೆ. ಒಂದನ್ನು ಎರಡು ಮಾಡುವ ಸ್ಪ್ಲಿಟರ್ 100 ರೂಪಾಯಿಗೆ ಸಿಕ್ಕಿತು. ಕೊಳ್ಳುವಾಗ ಮೈಕ್‌ಗೂ ಹೆಡ್‌ಫೋನ್‌ಗೂ ಅಂತ ಬಿಡಿಸಿ ಹೇಳಿ. ನನಗೆ ಮೊದಲು ಕೊಟ್ಟದ್ದು ಇಬ್ಬರು ಒಟ್ಟಿಗೆ ಹಾಡು ಕೇಳುವ ಸ್ಪ್ಲಿಟರ್.

ಕೀಬೋರ್ಡ್ ಕೊನೆಗೆ ಕೊಳ್ಳಿ, ಅದೂ ಈಗಿರುವುದು ಕೈಕೊಟ್ಟರೆ ಮಾತ್ರ. ನೋಟ್‌ಪ್ಯಾಡ್ ತೆರೆದು, ಎರಡೂ ಶಿಫ್ಟ್ ಒತ್ತಿ ಹಿಡಿದುಕೊಂಡೇ ಎ ಇಂದ ಝಡ್‌ವರೆಗೆ ಹೊಡೆದು ನೋಡಿ. ನನ್ನದರಲ್ಲಿ ಐದಾರು ಅಕ್ಷರ ಬೀಳಲೇ ಇಲ್ಲ. ಒಟ್ಟಿಗೆ ಹಲವು ಕೀ ಒತ್ತಿದಾಗ ಕೆಲವನ್ನು ನುಂಗಿಬಿಡುತ್ತದೆ ಅಂತ ಅರ್ಥ, ಓಡುತ್ತಾ ಹಾರುವಾಗ ಇದೇ ತೊಂದರೆ. 1,900 ರೂಪಾಯಿಗೆ ನಂಬರ್ ಪ್ಯಾಡ್ ಇಲ್ಲದ ಮೆಕ್ಯಾನಿಕಲ್ ಕೀಬೋರ್ಡ್ (ಪ್ರತಿ ಕೀ ಕೆಳಗೂ ಬೇರೆ ಬೇರೆ ಸ್ವಿಚ್ ಇರುವಂಥದ್ದು) ತಂದೆ. ನಂಬರ್ ಪ್ಯಾಡ್ ಇಲ್ಲದ್ದರಿಂದ ಮೌಸ್ ಆಡಿಸಲು ಜಾಗ ಸಿಗುತ್ತದೆ. ಆದರೆ ಅಂಗಡಿಯಲ್ಲಿ ಟಕ್ ಟಕ್ ಸದ್ದಿಗೆ ಮರುಳಾಗಿ ಬ್ಲೂ ಸ್ವಿಚ್‌ನದು ತಂದುಬಿಟ್ಟೆ. ಮೊದಲ ರಾತ್ರಿಯೇ ಅಮ್ಮ ಎದ್ದು ಬಂದು, “ಏನಪ್ಪಾ ಇದು, ಹನ್ನೊಂದು ಗಂಟೆ ರಾತ್ರೀಲಿ ಕಡ್ಲೆಕಾಯಿ ಒಡೀತಾ ಕೂತಿದ್ದೀಯಾ?” ಅಂದರು. ಮರುವಾರ ಅಂಗಡಿಗೆ ಹೋಗಿ ಕೈಕಾಲು ಹಿಡಿದು ರೆಡ್ ಸ್ವಿಚ್‌ನದಕ್ಕೆ ಬದಲಾಯಿಸಿಕೊಂಡು ಬಂದೆ. ರೆಡ್‌ನಲ್ಲಿ ಆ ಟಕ್ ಇರುವುದಿಲ್ಲ, ಹಗುರವಾಗಿ ಕೆಳಗಿಳಿಯುತ್ತದೆ. ಮನೆಯಲ್ಲಿ ಬೇರೆಯವರು ಮಲಗುತ್ತಾರೆ ಅಂದರೆ ಸೀದಾ ರೆಡ್ ತಗೊಳ್ಳಿ.

ಇನ್ನೊಂದು ಸಾಮಾನು, ಇದನ್ನು ಯಾರೂ ಗೇಮಿಂಗ್ ಲೆಕ್ಕಕ್ಕೆ ಸೇರಿಸುವುದಿಲ್ಲ: ಉದ್ದದ ಲ್ಯಾನ್ ಕೇಬಲ್. ರೌಟರ್ ಹಾಲ್‌ನಲ್ಲಿ, ನಾನು ರೂಮಿನಲ್ಲಿ, ಮಧ್ಯೆ ಎರಡು ಗೋಡೆ. ಆಟದ ಮುಂಬೈ ಸರ್ವರ್‌ಗೆ ನನ್ನ ಪಿಂಗ್, ಅಂದರೆ ಸುದ್ದಿ ಹೋಗಿ ಬರಲು ಹಿಡಿಯುವ ಹೊತ್ತು, ವೈಫೈನಲ್ಲಿ ಕುಣಿಯುತ್ತಿತ್ತು. 250 ರೂಪಾಯಿಯ ಕೇಬಲನ್ನು ಬಾಗಿಲ ಸಂದಿಯಲ್ಲಿ ಎಳೆದ ಮೇಲೆ ಕುಣಿತ ನಿಂತಿತು. ಬಣ್ಣದ ಲೈಟ್, ಗೇಮಿಂಗ್ ಕುರ್ಚಿ, ಮೌಸ್ ಒಳಗೆ ಹಾಕುವ ತೂಕದ ಬಿಲ್ಲೆ, ಇವಕ್ಕೆಲ್ಲ ನಾನು ಒಂದು ರೂಪಾಯಿ ಕೊಡಲಿಲ್ಲ. ಬೆನ್ನಿಗೆ ಅಜ್ಜಿಯ ದಿಂಬು ಇದೆ.

ಹಳೆಯ ಡ್ರ್ಯಾಗನ್ ಮೌಸ್ ಏನಾಯಿತು ಅಂದರೆ, ಕುತೂಹಲಕ್ಕೆ ಬಿಚ್ಚಿದೆ. ಸ್ಕ್ರೂ ಇರುವುದು ಅಡಿಯಲ್ಲಿ ಅಂಟಿಸಿದ ಜಾರುವ ಪಟ್ಟಿಗಳ ಕೆಳಗೆ, ಅವನ್ನು ಬಿಸಿ ಮಾಡದೆ ಕಿತ್ತು ಹಾಳು ಮಾಡಿದೆ. ಹೇರ್ ಡ್ರೈಯರ್‌ನಿಂದ ಸ್ವಲ್ಪ ಬಿಸಿ ಮಾಡಿದ್ದರೆ ಸಲೀಸಾಗಿ ಬರುತ್ತಿತ್ತಂತೆ. ಗುಂಡಿಯ ಕೆಳಗಿನ ಪುಟ್ಟ ಸ್ವಿಚ್ ಒಳಗೆ ಒಂದು ತೆಳು ಲೋಹದ ಪಟ್ಟಿ ಇರುತ್ತದೆ, ಅದು ಸವೆದು ಒಂದು ಸಲ ತಾಗುವ ಬದಲು ಪುಟಿದು ಎರಡು ಸಲ ತಾಗುತ್ತದೆ, ಅದೇ ಡಬಲ್ ಕ್ಲಿಕ್ ಕಾಟ. ನಮ್ಮ ಬೀದಿಯ ಮೊಬೈಲ್ ರಿಪೇರಿಯವರು ಹೊಸ ಸ್ವಿಚ್ ಬೆಸುಗೆ ಹಾಕಿ 150 ರೂಪಾಯಿ ತಗೊಂಡರು. ಈಗ ಅದು ಅಪ್ಪನ ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಲ್ ಹಾಕುವ ಕಂಪ್ಯೂಟರಿಗೆ ಸೇರಿದೆ. ಅದರ ಲೈಟ್ ಆರಿಸಲು ಬಟನ್ನೇ ಇಲ್ಲ. ಮೊಳೆ, ಪೇಂಟ್ ತಗೊಳ್ಳಲು ಬಂದವರ ಮಕ್ಕಳೆಲ್ಲ ಕೌಂಟರ್ ಮೇಲೆ ಬಗ್ಗಿ ಅದನ್ನೇ ನೋಡುತ್ತಿರುತ್ತಾರೆ, ಅಪ್ಪ ಅದರ ಮೇಲೊಂದು ಕರವಸ್ತ್ರ ಹಾಕಿಕೊಂಡು ಕ್ಲಿಕ್ ಮಾಡುತ್ತಾರೆ.