ಬ್ರೇಕ್ ಧೂಳು ಉಜ್ಜಿದರೆ ಹೋಗಲ್ಲ, ಕರಗಿಸಬೇಕು

ನಮ್ಮ ಕಾರಿನ ಮುಂದಿನ ಎರಡು ಅಲಾಯ್ ಚಕ್ರಗಳು ಯಾವತ್ತೂ ಹಿಂದಿನವಕ್ಕಿಂತ ಕಪ್ಪು. ನಿಮ್ಮದೂ ಹಾಗೇ ಇರಬಹುದು, ನೋಡಿ. ಬ್ರೇಕ್ ಒತ್ತಿದಾಗ ಗಾಡಿಯ ಭಾರ ಮುಂದಕ್ಕೆ ಬೀಳುತ್ತದೆ. ಹಾಗಾಗಿ ನಿಲ್ಲಿಸುವ ಕೆಲಸ ಹೆಚ್ಚಾಗಿ ಮುಂದಿನ ಬ್ರೇಕುಗಳದ್ದೇ. ಜೊತೆಗೆ ನಮ್ಮ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಮುಂದೆ ತೆರೆದ ಡಿಸ್ಕ್ ಬ್ರೇಕ್, ಹಿಂದೆ ಮುಚ್ಚಿದ ಡ್ರಮ್ ಬ್ರೇಕ್. ಡ್ರಮ್ಮಿನ ಧೂಳು ಬಹುಪಾಲು ಅದರೊಳಗೇ ಉಳಿಯುತ್ತದೆ. ಡಿಸ್ಕಿನದ್ದು ನೇರ ಅಲಾಯ್ ಮೇಲೆ ಬಂದು ಕೂರುತ್ತದೆ.

ನಾವಿರುವುದು ಬೆಂಗಳೂರಲ್ಲಿ, ಊರು ಪುತ್ತೂರಿನ ಕಡೆ. ಹಬ್ಬ, ಮದುವೆ ಅಂತ ಶಿರಾಡಿ ಘಾಟಿ ಇಳಿಯುವುದು ತಪ್ಪಲ್ಲ. ಮಾರನಹಳ್ಳಿಯಿಂದ ಗುಂಡ್ಯದವರೆಗೆ ಲಾರಿಗಳ ಹಿಂದೆ ಬ್ರೇಕ್ ಹಿಡಿದುಕೊಂಡೇ ಇಳಿಯಬೇಕು, ಮೇಲಿಂದ ಮಳೆ ಬೇರೆ. ಅಲಾಯ್ ಹಾಳಾಗಲು ಇಷ್ಟು ಸಾಕು. ಕಪ್ಪು ಪುಡಿ ತೊಳೆದರೆ ಹೋಗುತ್ತದೆ. ಅದರಡಿ ಉಳಿಯುವ ಸಾಸಿವೆ ಗಾತ್ರದ ಕಂದು ಚುಕ್ಕೆಗಳೇ ನಿಜವಾದ ತಲೆನೋವು. ಅಪಾರ್ಟ್‌ಮೆಂಟಿನಲ್ಲಿ ಕಾರು ಒರೆಸುವ ಹುಡುಗ ಶಾಂಪೂ ಹಾಕಿ ತಿಕ್ಕಿ ನೋಡಿ, "ಸಾರ್, ಇದು ಕೊಳೆ ಅಲ್ಲ, ಪೇಂಟೇ ಹೋಗಿದೆ" ಅಂದ.

ಪೇಂಟ್ ಹೋಗಿರಲಿಲ್ಲ. ಬ್ರೇಕ್ ಡಿಸ್ಕ್ ಎರಕದ ಕಬ್ಬಿಣದ್ದು. ಅದನ್ನು ಒತ್ತಿ ಹಿಡಿಯುವ ಪ್ಯಾಡಿನಲ್ಲಿ ಲೋಹದ ಎಳೆ, ಗ್ರ್ಯಾಫೈಟ್, ಇವನ್ನೆಲ್ಲ ಹಿಡಿದಿಡುವ ರಾಳ ಇರುತ್ತವೆ. ಎರಡೂ ಸವೆದು ಬಿಸಿ ಬಿಸಿ ಕಣಗಳಾಗಿ ಹಾರುತ್ತವೆ. ಕಾದ ಸೂಜಿ ಪ್ಲಾಸ್ಟಿಕ್ಕಿಗೆ ಇಳಿದ ಹಾಗೆ, ಅವು ಅಲಾಯ್ ಮೇಲಿನ ಕ್ಲಿಯರ್ ಕೋಟಿಗೆ, ಅಂದರೆ ಬಣ್ಣವಿಲ್ಲದ ಪಾರದರ್ಶಕ ಲೇಪಕ್ಕೆ, ಕಚ್ಚಿಕೊಳ್ಳುತ್ತವೆ. ಆಮೇಲೆ ನೀರು ಬಿದ್ದರೆ ಅಲ್ಲೇ ತುಕ್ಕು. ಅಂದರೆ ತುಕ್ಕು ಹಿಡಿದಿದ್ದು ಅಲಾಯ್‌ಗೆ ಅಲ್ಲ, ಅಲಾಯ್ ಅಲ್ಯೂಮಿನಿಯಂನದ್ದು. ತುಕ್ಕು ಹಿಡಿದಿದ್ದು ಅದರ ಮೇಲೆ ಕೂತ ಕಬ್ಬಿಣದ ಚೂರಿಗೆ. ಇದು ಗೊತ್ತಾದರೆ ಮುಂದಿನ ದಾರಿ ಸುಲಭ. ಉಜ್ಜುವ ಮಾತು ಬಿಡಬೇಕು. ಸ್ಟೀಲ್ ನಾರು, ಹಸಿರು ಸ್ಕ್ರಬ್ಬರ್ ಹಾಕಿದರೆ ಮೊದಲು ಹೋಗುವುದು ಕ್ಲಿಯರ್ ಕೋಟ್, ಚುಕ್ಕೆ ಅಲ್ಲ.

ನಾನು ತಂದದ್ದು ಐರನ್ ರಿಮೂವರ್. ಕಾರ್ ಆಕ್ಸೆಸರಿ ಅಂಗಡಿಯಲ್ಲೂ ಆನ್‌ಲೈನಿನಲ್ಲೂ ಸಿಗುತ್ತದೆ. ಬಾಟಲಿಯ ಹಿಂದೆ ಥಯೋಗ್ಲೈಕೊಲೇಟ್ ಅಂತ ಇದೆಯಾ, ಪಿಎಚ್ 7ರ ಆಸುಪಾಸಿನಲ್ಲಿದೆಯಾ (ಅಂದರೆ ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ) ಅಂತ ನೋಡಿಕೊಂಡೆ. ಇದು ಕಬ್ಬಿಣವನ್ನು ಹಿಡಿದುಕೊಂಡು ನೀರಲ್ಲಿ ಕರಗುವಂತೆ ಮಾಡುತ್ತದೆ, ಕ್ಲಿಯರ್ ಕೋಟಿನ ತಂಟೆಗೆ ಹೋಗಲ್ಲ. ವಾಸನೆ ಮಾತ್ರ ಮೊಟ್ಟೆ ಕೊಳೆತದ್ದು. ಕೂದಲು ತೆಗೆಯುವ ಕ್ರೀಮಿನಲ್ಲಿರುವುದೂ ಇದೇ ಬಳಗದ ರಾಸಾಯನಿಕ. ಬಾಟಲಿ ತೆರೆದ ತಕ್ಷಣ ಮನೆಯವಳಿಗೆ ಆ ವಾಸನೆ ಗುರುತು ಸಿಕ್ಕಿತು! ಬೇಸ್‌ಮೆಂಟಿನಲ್ಲಿ ಗಾಳಿ ಆಡದು ಅಂತ ಕಾರನ್ನು ಹೊರಗೆ ನೆರಳಿಗೆ ತಂದೆ. ಕೈಗೆ ಗ್ಲೌಸ್, ಮೂಗಿಗೆ ಮಾಸ್ಕ್. ಬ್ರೇಕ್ ಧೂಳನ್ನು ಗಾಳಿ ಹಾಕಿ ಊದಿಸುವ ಗ್ಯಾರೇಜುಗಳಿವೆ. ಆ ಪುಡಿ ಶ್ವಾಸಕ್ಕೆ ಒಳ್ಳೆಯದಲ್ಲ, ಒದ್ದೆ ಮಾಡಿಯೇ ತೆಗೆಯಬೇಕು.

ಚಕ್ರ ಪೂರ್ತಿ ತಣ್ಣಗಿರಬೇಕು, ಇದು ಮುಖ್ಯ. ಕೈ ಇಟ್ಟು ನೋಡಿ. ಬಿಸಿ ಇದ್ದರೆ ಕೆಮಿಕಲ್ ಒಣಗಿ ಕಲೆ ಬಿಡುತ್ತದೆ. ಘಾಟಿ ಇಳಿದ ಕೂಡಲೇ ಕಾದ ಡಿಸ್ಕಿಗೆ ತಣ್ಣೀರು ಹೊಡೆದರೆ ಡಿಸ್ಕ್ ಸೊಟ್ಟಗಾಗುವ ಅಪಾಯವೂ ಇದೆ.

ಒಂದು ಸಲಕ್ಕೆ ಒಂದೇ ಚಕ್ರ. ಮೊದಲು ನೀರು, ಆಮೇಲೆ ಕಾರ್ ಶಾಂಪೂವಿನಿಂದ ಮೇಲಿನ ಮಣ್ಣು ತೆಗೆದೆ. ನೀರು ಇಳಿದ ಮೇಲೆ ರಿಮೂವರ್ ಸಿಂಪಡಿಸಿದೆ. ಎರಡು ನಿಮಿಷದೊಳಗೆ ಬಣ್ಣ ತಿರುಗಿ ನೇರಳೆ ನೀರು ಇಳಿಯತೊಡಗಿತು. ನೋಡೋಕೆ ಖುಷಿ, ಆದರೆ ನೋಡುತ್ತಾ ಕೂತು ಒಣಗಲು ಬಿಡಬಾರದು. ಹಾರ್ಡ್‌ವೇರ್ ಅಂಗಡಿಯ ಮೆತ್ತನೆ ಪೇಂಟ್ ಬ್ರಷ್ಷಿನ ತಗಡಿಗೆ ಇನ್ಸುಲೇಶನ್ ಟೇಪ್ ಸುತ್ತಿಟ್ಟುಕೊಂಡಿದ್ದೆ, ಗೀರು ಬೀಳದಿರಲಿ ಅಂತ. ಅದರಿಂದ ಕಡ್ಡಿಗಳ ಸಂದಿಯಲ್ಲಿ ಸುಮ್ನೆ ಆಡಿಸಿದೆ. ನಟ್ ಇರುವ ಗುಳಿಗಳಿಗೆ ಹಳೆ ಹಲ್ಲುಜ್ಜುವ ಬ್ರಷ್. ನಾಲ್ಕೈದು ನಿಮಿಷದ ನಂತರ ಚೆನ್ನಾಗಿ ತೊಳೆದೆ. ಮೊಂಡು ಚುಕ್ಕೆಗಳಿಗೆ ಇನ್ನೊಂದು ಸುತ್ತು ಬೇಕಾಯಿತು. ಎರಡನೇ ಸಲ ನೇರಳೆ ತೀರಾ ಕಮ್ಮಿ ಬಂದರೆ ಕಬ್ಬಿಣ ಮುಗಿಯಿತು ಅಂತಲೇ ಅರ್ಥ.

ಆಗಲೂ ಕಪ್ಪು ಉಳಿದಿದ್ದರೆ ಅದು ಟಾರು. ಬಟ್ಟೆಗೆ ಸ್ವಲ್ಪ ಟಾರ್ ರಿಮೂವರ್ ಹಾಕಿ ಅದರ ಮೇಲೆ ಒಂದು ನಿಮಿಷ ಇಟ್ಟರೆ ಬಿಡುತ್ತದೆ. ಕೆಲವು ಕಡೆ ಡೀಸೆಲ್ ಸ್ಪ್ರೇ ಮಾಡುತ್ತಾರೆ. ದಯವಿಟ್ಟು ಬೇಡ. ಡಿಸ್ಕಿಗೆ ಎಣ್ಣೆ ಪಸೆ ತಾಗಿದರೆ ಬ್ರೇಕೇ ಹಿಡಿಯಲ್ಲ.

ಆಸಿಡ್ ಬಗ್ಗೆ ಜೋರಾಗಿಯೇ ಹೇಳುತ್ತೇನೆ. ಟಾಯ್ಲೆಟ್ ಕ್ಲೀನರ್ ಹಾಕಿದರೆ ಫಳಫಳ ಆಗುತ್ತೆ ಅಂತ ಹೇಳುವವರು ಪ್ರತಿ ಬೀದಿಯಲ್ಲೂ ಇದ್ದಾರೆ. ಆಗುತ್ತದೆ, ಒಂದು ದಿನದ ಮಟ್ಟಿಗೆ. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಸಿಡ್, ಅಲ್ಯೂಮಿನಿಯಂ ತಿನ್ನುತ್ತದೆ. ಈಗಿನ ಡೈಮಂಡ್ ಕಟ್, ಅಂದರೆ ಮುಖವನ್ನು ಯಂತ್ರದಲ್ಲಿ ಕೊರೆದು ಹೊಳಪಿಸಿದ, ಅಲಾಯ್‌ಗಳಲ್ಲಿ ಇನ್ನೂ ಕಷ್ಟ. ಹೊಳೆಯುವ ಮುಖದ ಮೇಲೆ ಬಣ್ಣವಿಲ್ಲ, ತೆಳ್ಳಗಿನ ಕ್ಲಿಯರ್ ಕೋಟ್ ಅಷ್ಟೇ. ಅದಕ್ಕೆ ಒಂದು ಕಡೆ ಪೆಟ್ಟಾದರೆ ಒಳಗೊಳಗೇ ಹಾಲುಬಿಳುಪಿನ ಎಳೆಗಳು ಹರಡುತ್ತವೆ. ಆಮೇಲೆ ಮನೆಯಲ್ಲಿ ಮಾಡುವಂಥದ್ದು ಏನೂ ಉಳಿಯಲ್ಲ.

ನೀರಿನದು ಬೇರೆಯೇ ಕಥೆ. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಲ್ಲಿ ವಾಹನ ತೊಳೆಯುವುದನ್ನೇ ನಿಷೇಧಿಸಿ 5,000 ರೂಪಾಯಿ ದಂಡ ಇಟ್ಟಿತು. ಬೋರ್‌ವೆಲ್ ನೀರು ಗಡಸು, ಒಣಗಿದರೆ ಬಿಳಿ ಕಲೆ. ಆರ್‌ಒ ಯಂತ್ರ ಹೊರಬಿಡುವ ತ್ಯಾಜ್ಯ ನೀರಲ್ಲಿ ಉಪ್ಪಿನಂಶ ಇನ್ನೂ ಜಾಸ್ತಿ. ಮೊದಲ ತೊಳೆತಕ್ಕೆ ಇವೆಲ್ಲ ನಡೆಯುತ್ತವೆ. ಕೊನೆಯ ನೀರಿಗೆ ಮಾತ್ರ ನಾನು ಹಿಡಿದಿಟ್ಟ ಮಳೆನೀರು ಬಳಸುತ್ತೇನೆ. ತಕ್ಷಣ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸುತ್ತೇನೆ. ಅಲಾಯ್‌ಗೆ ಬೇರೆ ಬಟ್ಟೆ, ಕಾರಿನ ಮೈಗೆ ಬೇರೆ ಬಟ್ಟೆ.

ಸ್ವಚ್ಛವಾದ ಅಲಾಯ್‌ಗೆ ಏನೂ ಹಚ್ಚದೆ ಬಿಟ್ಟರೆ ಮುಂದಿನ ಘಾಟಿಗೆ ಮತ್ತೆ ಇದೇ ಪಾಡು. ಕಾರಿನ ಮೈಗೆ ಹಚ್ಚುವ ಕಾರ್ನೂಬಾ ವ್ಯಾಕ್ಸ್ ಮನೆಯಲ್ಲಿತ್ತು. ಆದರೆ ಅದು ಸುಮಾರು 82ರಿಂದ 86 ಡಿಗ್ರಿಗೆ ಕರಗುತ್ತದೆ. ಬ್ರೇಕಿನ ಪಕ್ಕದಲ್ಲಿ ಅದು ಬಾಳಲ್ಲ. ಹಾಗಾಗಿ ಚಕ್ರಕ್ಕೆಂದೇ ಬರುವ ಸೆರಾಮಿಕ್ ಕೋಟಿಂಗ್ ತಂದೆ. ಒಳಮೈಗೂ ಹಚ್ಚಬೇಕೆಂದು ಚಕ್ರ ಒಂದೊಂದಾಗಿ ಬಿಚ್ಚಿದೆ. ಜ್ಯಾಕ್ ಒಂದನ್ನೇ ನಂಬಲಿಲ್ಲ. ಸ್ಟ್ಯಾಂಡ್ ಕೊಟ್ಟು, ಉಳಿದ ಚಕ್ರಗಳಿಗೆ ಕಲ್ಲು ಇಟ್ಟೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ಪಸೆ ತೆಗೆದ ಮೇಲೆ ಕೋಟಿಂಗ್ ತೆಳ್ಳಗೆ ಹಚ್ಚಿದೆ. ಕಾಮನಬಿಲ್ಲಿನ ಬಣ್ಣ ಮೂಡಿದಾಗ ಬೇರೆ ಬಟ್ಟೆಯಿಂದ ಒರೆಸಿ ಸಮ ಮಾಡಬೇಕು. ತಡವಾದರೆ ಪಟ್ಟೆ ಉಳಿಯುತ್ತದೆ. ಒಂದು ದಿನ ನೀರು ತಾಗಿಸಲಿಲ್ಲ, ಒಂದು ವಾರ ಶಾಂಪೂ ಹಾಕಲಿಲ್ಲ. ಚಕ್ರ ಹಾಕುವಾಗ ನಟ್‌ಗಳನ್ನು ಎದುರುಬದುರಾಗಿ, ಮ್ಯಾನ್ಯುಯಲ್ಲಿ ಹೇಳಿದ ಟಾರ್ಕಿಗೆ (ಬಿಗಿತದ ಅಳತೆ) ಬಿಗಿ ಮಾಡಿದೆ. 50 ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿದೆ.

ಕೋಟಿಂಗ್ ಆದ ಮೇಲೂ ಧೂಳು ಬರುತ್ತದೆ. ಅದನ್ನು ತಡೆಯುವ ಡಬ್ಬಿ ಯಾವ ಅಂಗಡಿಯಲ್ಲೂ ಇಲ್ಲ, ಜಾಹೀರಾತು ಏನೇ ಹೇಳಲಿ. ಕಚ್ಚಿಕೊಳ್ಳಲ್ಲ ಅಷ್ಟೇ, ಶಾಂಪೂ ನೀರಿಗೇ ಜಾರಿಹೋಗುತ್ತದೆ. ಊರಿಂದ ಬಂದ ಮರುದಿನವೇ ತೊಳೆದುಬಿಡುತ್ತೇನೆ. ತೊಳೆದಾದ ಮೇಲೆ ಕಾರನ್ನು ಹಾಗೇ ನಿಲ್ಲಿಸದೆ, ಬೀದಿಯಲ್ಲಿ ಒಂದು ಸುತ್ತು ಮೆಲ್ಲಗೆ ಬ್ರೇಕ್ ಹಿಡಿದು ಡಿಸ್ಕ್ ಒಣಗಿಸುತ್ತೇನೆ.

ಧೂಳನ್ನೇ ಕಡಿಮೆ ಮಾಡಬೇಕು ಅಂದರೆ ಘಾಟಿಯಲ್ಲಿ ಎರಡನೇ ಅಥವಾ ಮೂರನೇ ಗೇರಿಗೆ ಇಳಿಸಿ, ಇಂಜಿನ್ನೇ ಗಾಡಿಯನ್ನು ಹಿಡಿಯಲಿ. ಸೆರಾಮಿಕ್ ಪ್ಯಾಡುಗಳು ಲೋಹದ ಎಳೆ ಹೆಚ್ಚಿರುವ ಸೆಮಿ ಮೆಟಾಲಿಕ್‌ಗಿಂತ ಸಾಮಾನ್ಯವಾಗಿ ಕಡಿಮೆ ಧೂಳು ಬಿಡುತ್ತವೆ. ಅಲಾಯ್ ಚೆಂದಕ್ಕೋಸ್ಕರ ಚೆನ್ನಾಗಿರುವ ಪ್ಯಾಡ್ ಬಿಚ್ಚುವುದು ದಂಡ. ಈಗಿನವು ಸವೆದ ಮೇಲೆ, ನಮ್ಮ ಮಾಡೆಲ್ಲಿಗೆ ಸರಿಹೊಂದುವುದು ಸಿಕ್ಕಿದರೆ ಹಾಕಿಸುತ್ತೇನೆ.