ಏಪ್ರಿಲ್ 15ರೊಳಗೆ: ಅಮೆರಿಕದಲ್ಲಿ ಮೊದಲ ಸಲ ಟ್ಯಾಕ್ಸ್ ಫೈಲ್ ಮಾಡುವ ಕನ್ನಡಿಗರಿಗೆ

ಬೆಂಗಳೂರಿನಲ್ಲಿ ಕೆಲಸ ಮಾಡುವಾಗ ಫಾರ್ಮ್ 16 ಬರುತ್ತಿತ್ತು, ಜುಲೈನಲ್ಲಿ ಗೊತ್ತಿರುವ ಸಿಎಗೆ ಕಳಿಸಿದರೆ ಮುಗೀತು. ಅಮೆರಿಕದಲ್ಲೂ ಅಷ್ಟೇ ಅಂದುಕೊಂಡು ಬರುವವರು ಜಾಸ್ತಿ. ಜನವರಿ ಕೊನೆಗೆ ಕಂಪನಿಯಿಂದ ಡಬ್ಲ್ಯೂ-2, ಅಂದರೆ ಸಂಬಳದ ವಿವರದ ಫಾರ್ಮ್, ಬರುತ್ತದೆ, ಸಾಫ್ಟ್‌ವೇರ್‌ಗೆ ಹಾಕಿದರೆ ಸಂಜೆಯೊಳಗೆ ರಿಟರ್ನ್ ಹೋಗುತ್ತದೆ. ಸಂಬಳ ಒಂದೇ ಇದ್ದರೆ ಇದು ನಿಜವೂ ಹೌದು. ಆದರೆ ನಮ್ಮವರಲ್ಲಿ ಅಂಥವರು ಎಷ್ಟು ಜನ? ಊರಿನ ಬ್ಯಾಂಕಿನಲ್ಲಿ ಒಂದು ಎಫ್‌ಡಿ, ಅಪ್ಪನ ಜೊತೆ ಜಂಟಿ ಖಾತೆ, ಮಾರತಹಳ್ಳಿ ಫ್ಲ್ಯಾಟಿನ ಬಾಡಿಗೆ, ನಿಲ್ಲಿಸಲು ಮರೆತ ಎರಡು ಎಸ್‌ಐಪಿ. ಏಪ್ರಿಲ್‌ನಲ್ಲಿ ನಿದ್ದೆ ಕೆಡಿಸುವುದು ಇವೇ.

ಮೊದಲು ನೀವು ಯಾವ ಲೆಕ್ಕಕ್ಕೆ ಬರುತ್ತೀರಿ ನೋಡಿಕೊಳ್ಳಿ. ವೀಸಾ ಹೆಸರು ಒಂದೇ ಸಾಲದು, ಇಲ್ಲಿ ಎಷ್ಟು ದಿನ ಇದ್ದಿರಿ ಅನ್ನುವುದೂ ಬೇಕು. ಈ ವರ್ಷದ ಎಲ್ಲ ದಿನ, ಹಿಂದಿನ ವರ್ಷದ ದಿನಗಳ ಮೂರನೇ ಒಂದು ಭಾಗ, ಅದರ ಹಿಂದಿನ ವರ್ಷದ ಆರನೇ ಒಂದು ಭಾಗ ಕೂಡಿಸಿ. 183 ಅಥವಾ ಅದಕ್ಕಿಂತ ಹೆಚ್ಚಾದರೆ, ಈ ವರ್ಷ ಕನಿಷ್ಠ 31 ದಿನ ಇಲ್ಲಿದ್ದಿದ್ದರೆ, ತೆರಿಗೆ ಮಟ್ಟಿಗೆ ನೀವು ಇಲ್ಲಿಯ ನಿವಾಸಿ. ಫಾರ್ಮ್ 1040 ಅನ್ನುವ ರಿಟರ್ನ್ ತುಂಬಬೇಕು. ಎಫ್-1 ವಿದ್ಯಾರ್ಥಿಗಳಿಗೆ ಮಾತ್ರ ಮೊದಲ ಐದು ಕ್ಯಾಲೆಂಡರ್ ವರ್ಷ ಈ ಎಣಿಕೆ ಇಲ್ಲ. ಅವರದು ಅನಿವಾಸಿಗಳ ರಿಟರ್ನ್ ಆದ 1040-ಎನ್ಆರ್, ಜೊತೆಗೆ ಫಾರ್ಮ್ 8843. ಒಂದು ಡಾಲರ್ ಆದಾಯ ಇಲ್ಲದಿದ್ದರೂ 8843 ಕಳಿಸಲೇಬೇಕು. ಭಾರತದ ವಿದ್ಯಾರ್ಥಿಗಳಿಗೆ ಒಂದು ಅನುಕೂಲ ಇದೆ. ಎರಡೂ ದೇಶಗಳ ಒಪ್ಪಂದದ 21ನೇ ವಿಧಿಯಿಂದ ಅವರಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುತ್ತದೆ. ಇತರ ದೇಶಗಳ ಹೆಚ್ಚಿನ ವಿದ್ಯಾರ್ಥಿಗಳಿಗೆ ಇದಿಲ್ಲ. ರೂಮ್‌ಮೇಟ್ ಹೇಗೆ ಫೈಲ್ ಮಾಡಿದ ಅಂತ ನೋಡಿ ನಕಲು ಮಾಡಬೇಡಿ ಅನ್ನುವುದು ಇದಕ್ಕೇ.

ಎಚ್-1ಬಿ ಮೇಲೆ ಅಕ್ಟೋಬರ್ 1ಕ್ಕೆ ಬಂದಿಳಿದವರದು ಇನ್ನೊಂದು ಕಥೆ. ಡಿಸೆಂಬರ್ ಕೊನೆಗೆ ಅವರದು 92 ದಿನ ಮಾತ್ರ. ಹಾಗೇ ಬಿಟ್ಟರೆ ಆ ವರ್ಷ ಅನಿವಾಸಿ, ಸ್ಟ್ಯಾಂಡರ್ಡ್ ಡಿಡಕ್ಷನ್ ಇಲ್ಲ. ಮದುವೆಯಾಗಿದ್ದರೆ ಗಂಡ-ಹೆಂಡತಿ ಸೇರಿ ಜಂಟಿಯಾಗಿ ಇಡೀ ವರ್ಷದ ನಿವಾಸಿಗಳು ಅಂತ ಆರಿಸಿಕೊಳ್ಳುವ ದಾರಿ ಇದೆ. ಆದರೆ ಅದಕ್ಕೆ ಮುಂದಿನ ವರ್ಷದ ದಿನಗಳ ಲೆಕ್ಕ ತುಂಬುವವರೆಗೆ, ಅಂದರೆ ಜೂನ್ ಮೊದಲ ವಾರದವರೆಗೆ, ಕಾಯಬೇಕು (ಏಪ್ರಿಲ್ 15 ದಾಟಲು ಕೆಳಗೆ ಹೇಳಿದ ಫಾರ್ಮ್ 4868 ಕಳಿಸಿ). ಆಗ ಜನವರಿಯಿಂದ ಸೆಪ್ಟೆಂಬರ್‌ವರೆಗಿನ ಬೆಂಗಳೂರಿನ ಸಂಬಳವನ್ನೂ ತೋರಿಸಬೇಕು. ಅದಕ್ಕೆ ಅಲ್ಲಿ ಕಟ್ಟಿದ ತೆರಿಗೆಗೆ ಫಾರ್ಮ್ 1116ರಲ್ಲಿ ಕ್ರೆಡಿಟ್ ಕೇಳಬಹುದು. 2025ಕ್ಕೆ ಜಂಟಿ ಡಿಡಕ್ಷನ್ 31,500 ಡಾಲರ್ ಇತ್ತು, ಹಾಗಾಗಿ ಎರಡೂ ರೀತಿಯಲ್ಲಿ ಲೆಕ್ಕ ಹಾಕಿ ನೋಡುವುದು ವ್ಯರ್ಥವಲ್ಲ.

ಈಗ ಊರಿನ ದುಡ್ಡಿಗೆ ಬರೋಣ. ನಿವಾಸಿ ಆದಮೇಲೆ ಪ್ರಪಂಚದಲ್ಲಿ ಎಲ್ಲಿ ಬಂದ ಆದಾಯವಾದರೂ ಇಲ್ಲಿ ತೋರಿಸಬೇಕು. ಎನ್ಆರ್‌ಇ (ಹೊರದೇಶದ ದುಡಿಮೆ ಇಡುವ ಖಾತೆ) ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ನಿಜ. ಇಲ್ಲಿ ಇದೆ. ಎನ್ಆರ್‌ಒ (ಭಾರತದ ಆದಾಯ ಇಡುವ ಖಾತೆ) ಬಡ್ಡಿಗೆ ಅಲ್ಲಿ ಬ್ಯಾಂಕು 30 ಪರ್ಸೆಂಟ್‌ಗೂ ಮೇಲೆ ಟಿಡಿಎಸ್ ಹಿಡಿಯುತ್ತದೆ. ಅಷ್ಟೂ ಇಲ್ಲಿ ಕ್ರೆಡಿಟ್ ಆಗುತ್ತದೆ ಅಂತ ತಿಳಿಯಬೇಡಿ. ಒಪ್ಪಂದದ ಪ್ರಕಾರ ಇಂಥ ಬಡ್ಡಿಗೆ ಭಾರತ ಹಿಡಿಯಬಹುದಾದದ್ದು 15 ಪರ್ಸೆಂಟ್. ಮಿಕ್ಕಿದ್ದನ್ನು ಭಾರತದಲ್ಲಿ ರಿಟರ್ನ್ ಹಾಕಿ ಅಲ್ಲಿಂದಲೇ ವಾಪಸ್ ಪಡೆಯಬೇಕು. ಬಾಡಿಗೆಯದೂ ಹೀಗೇ. ಅಲ್ಲಿ ಸುಮ್ನೆ 30 ಪರ್ಸೆಂಟ್ ಕಳೆಯುವ ಪದ್ಧತಿ ಇಲ್ಲಿ ನಡೆಯುವುದಿಲ್ಲ. ನಿಜವಾದ ಖರ್ಚು ಮತ್ತು ಇಲ್ಲಿಯ ನಿಯಮದ ಸವಕಳಿ ಮಾತ್ರ ಕಳೆಯಬೇಕು.

ಇನ್ನೊಂದು ತೊಡಕು ವರ್ಷದ್ದು. ನಮ್ಮದು ಏಪ್ರಿಲ್‌ನಿಂದ ಮಾರ್ಚ್, ಇಲ್ಲಿಯದು ಜನವರಿಯಿಂದ ಡಿಸೆಂಬರ್. ಅಲ್ಲಿಯ ಬಡ್ಡಿ ಸರ್ಟಿಫಿಕೇಟ್ ಇಲ್ಲಿ ಹೊಂದುವುದಿಲ್ಲ. ಜನವರಿ ಮೊದಲ ವಾರದಲ್ಲೇ ಎಲ್ಲ ಖಾತೆಗಳ ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್ ಇಳಿಸಿಟ್ಟುಕೊಳ್ಳಿ. ಸಹಕಾರಿ ಬ್ಯಾಂಕಿನ ಖಾತೆ ಇದ್ದರೆ ಮನೆಯಲ್ಲಿ ಯಾರಿಗಾದರೂ ಹೇಳಿ ಪಾಸ್‌ಬುಕ್ ಎಂಟ್ರಿ ಮಾಡಿಸಿ ಫೋಟೊ ತರಿಸಿಕೊಳ್ಳಿ. ಏಪ್ರಿಲ್ 10ಕ್ಕೆ ಫೋನ್ ಮಾಡಿ ಅವಸರ ಪಡಿಸಿದರೆ ಅಪ್ಪನಾದರೂ ಏನು ಮಾಡಿಯಾರು?

ಮ್ಯೂಚುವಲ್ ಫಂಡ್ ಬಗ್ಗೆ ಖಡಾಖಂಡಿತವಾಗಿ ಹೇಳುತ್ತೇನೆ. ಭಾರತದ ಫಂಡುಗಳನ್ನು ಅಮೆರಿಕ ಪಿಎಫ್‌ಐಸಿ ಅನ್ನುವ ಗುಂಪಿಗೆ ಸೇರಿಸುತ್ತದೆ. ಒಂದೊಂದು ಫಂಡಿಗೂ ಬೇರೆ ಫಾರ್ಮ್ 8621, ತೆರಿಗೆ ಲೆಕ್ಕವೂ ದುಬಾರಿ. ಬರುವ ಮುಂಚೆ ಸಾಧ್ಯವಾದರೆ ಮಾರಿ ಬನ್ನಿ. ಬಂದಾಗಿದ್ದರೆ ಎಸ್‌ಐಪಿ ಇವತ್ತೇ ನಿಲ್ಲಿಸಿ, ಉಳಿದದ್ದನ್ನು ತಿಳಿದವರಿಗೆ ತೋರಿಸಿ.

ಆದಾಯ ಇಲ್ಲದಿದ್ದರೂ ಖಾತೆ ಇದೆ ಅಂತ ಹೇಳಬೇಕಾದ ಕಡೆ ಒಂದಿದೆ, ಎಫ್‌ಬಾರ್ ಅನ್ನುವ ವಿದೇಶಿ ಖಾತೆಗಳ ವರದಿ. ಹೊರದೇಶದ ನಿಮ್ಮ ಎಲ್ಲ ಖಾತೆಗಳ ವರ್ಷದ ಅತಿ ಹೆಚ್ಚಿನ ಮೊತ್ತಗಳನ್ನು ಕೂಡಿದಾಗ 10,000 ಡಾಲರ್ ದಾಟಿದರೆ ಇದು ಕಡ್ಡಾಯ. ಒಂದೊಂದು ಖಾತೆಗಲ್ಲ, ಎಲ್ಲ ಸೇರಿ. ಅಪ್ಪನ ನಿವೃತ್ತಿ ದುಡ್ಡಿರುವ ಖಾತೆಯಲ್ಲಿ ನಿಮ್ಮ ಹೆಸರೂ ಇದ್ದರೆ ಅದರ ಪೂರ್ತಿ ಮೊತ್ತ ಲೆಕ್ಕಕ್ಕೆ ಬರುತ್ತದೆ. ಇದು ಐಆರ್‌ಎಸ್‌ಗೆ (ಇಲ್ಲಿಯ ತೆರಿಗೆ ಇಲಾಖೆ) ಕಳಿಸುವ ರಿಟರ್ನ್ ಜೊತೆ ಹೋಗುವುದಿಲ್ಲ, ಹಣಕಾಸು ಇಲಾಖೆಯ ಫಿನ್‌ಸೆನ್ ಜಾಲತಾಣದಲ್ಲಿ ಬೇರೆಯಾಗಿ, ದುಡ್ಡಿಲ್ಲದೆ ತುಂಬಬಹುದು. ಗಡುವು ಏಪ್ರಿಲ್ 15, ತಪ್ಪಿದರೆ ತಾನಾಗಿಯೇ ಅಕ್ಟೋಬರ್ 15ಕ್ಕೆ ಹೋಗುತ್ತದೆ. ಬೇಕೆಂದೇ ಮಾಡದ ತಪ್ಪಿಗೂ ದಂಡ 10,000 ಡಾಲರ್ ದಾಟಬಹುದು. ಅದು ಖಾತೆಗೊಂದರಂತೆ ಅಲ್ಲ, ವರ್ಷದ ವರದಿಗೊಂದರಂತೆ ಎಂದು 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು ಸ್ವಲ್ಪ ಸಮಾಧಾನ. ದೊಡ್ಡ ಮೊತ್ತ ಇರುವವರು ರಿಟರ್ನ್ ಜೊತೆ ವಿದೇಶಿ ಆಸ್ತಿ ತೋರಿಸುವ ಫಾರ್ಮ್ 8938 ಕೂಡ ಹಾಕಬೇಕು. ಇಲ್ಲಿ ವಾಸಿಸುವ ಒಂಟಿ ವ್ಯಕ್ತಿಗೆ ಅದರ ಮಿತಿ ವರ್ಷದ ಕೊನೆಗೆ 50,000 ಡಾಲರ್, ಜಂಟಿಗೆ ಅದರ ಎರಡರಷ್ಟು.

ಟೆಕ್ ಕಂಪನಿಯವರಿಗೆ ಆರ್‌ಎಸ್‌ಯು, ಅಂದರೆ ಕಂಪನಿ ಕೊಡುವ ಷೇರುಗಳ ಬಗ್ಗೆ ಒಂದು ಮಾತು. ವೆಸ್ಟ್ ಆದ (ನಿಮ್ಮ ಕೈಗೆ ಬಂದ) ಷೇರಿನ ಬೆಲೆ ಆಗಲೇ ಡಬ್ಲ್ಯೂ-2ರಲ್ಲಿ ಸಂಬಳವಾಗಿ ಸೇರಿರುತ್ತದೆ. ಮಾರಿದಾಗ ಬ್ರೋಕರ್‌ನಿಂದ ಬರುವ 1099-ಬಿ ಫಾರ್ಮಿನಲ್ಲಿ ಕೊಂಡ ಬೆಲೆ ಸೊನ್ನೆ ಅಂತ ಇರಬಹುದು. ಹಾಗೇ ತುಂಬಿದರೆ ಒಂದೇ ದುಡ್ಡಿಗೆ ಎರಡು ಸಲ ತೆರಿಗೆ. ಬ್ರೋಕರ್ ಕೊಡುವ ಪೂರಕ ಹಾಳೆ ನೋಡಿ ಫಾರ್ಮ್ 8949ರಲ್ಲಿ ಸರಿ ಮಾಡಿ. 1099-ಬಿ ಬರುವುದು ಫೆಬ್ರವರಿ ಮಧ್ಯಕ್ಕೆ, ತಿದ್ದುಪಡಿ ಇನ್ನೂ ತಡ. ರಿಫಂಡ್ ಆಸೆಗೆ ಜನವರಿಯಲ್ಲೇ ಫೈಲ್ ಮಾಡಿದವರು ಆಮೇಲೆ ತಿದ್ದಿದ ರಿಟರ್ನ್ ಹಾಕುತ್ತಾ ಕೂರುತ್ತಾರೆ.

ಎಚ್-4 ಮೇಲಿರುವ ಸಂಗಾತಿಗೆ ಎಸ್‌ಎಸ್‌ಎನ್ (ಸೋಷಿಯಲ್ ಸೆಕ್ಯುರಿಟಿ ನಂಬರ್) ಇಲ್ಲದಿದ್ದರೆ ಡಬ್ಲ್ಯೂ-7 ತುಂಬಿ ಐಟಿಐಎನ್ (ತೆರಿಗೆಗೆ ಬಳಸುವ ಗುರುತಿನ ಸಂಖ್ಯೆ) ಪಡೆಯಬೇಕು. ಅದು ರಿಟರ್ನ್ ಜೊತೆಗೇ ಹೋಗುತ್ತದೆ. ಮೂಲ ಪಾಸ್‌ಪೋರ್ಟ್ ಅಂಚೆಗೆ ಹಾಕಲು ಭಯವಾದರೆ, ಐಆರ್‌ಎಸ್ ಮಾನ್ಯ ಮಾಡಿದ ಏಜೆಂಟರ ಹತ್ತಿರ ಪರಿಶೀಲನೆ ಮಾಡಿಸಿ. ಊರಲ್ಲಿರುವ ಅಪ್ಪ-ಅಮ್ಮನನ್ನು ಅವಲಂಬಿತರು ಅಂತ ತೋರಿಸಬಹುದೇ ಅಂತ ಎಲ್ಲರೂ ಕೇಳುತ್ತಾರೆ. ಆಗುವುದಿಲ್ಲ. ಎಲ್‌ಐಸಿ ಪ್ರೀಮಿಯಂ ಕಳೆಯುವುದೂ ಆಗುವುದಿಲ್ಲ.

ರಾಜ್ಯದ ರಿಟರ್ನ್ ಬೇರೆ. ಟೆಕ್ಸಸ್, ಫ್ಲಾರಿಡಾ, ವಾಷಿಂಗ್ಟನ್‌ಗಳಲ್ಲಿ ಸಂಬಳದ ಮೇಲೆ ರಾಜ್ಯ ತೆರಿಗೆ ಇಲ್ಲ. ನ್ಯೂಜೆರ್ಸಿಯಲ್ಲಿ ಮನೆ, ನ್ಯೂಯಾರ್ಕ್‌ನಲ್ಲಿ ಕಚೇರಿ ಇದ್ದರೆ ಎರಡೂ ಕಡೆ ಹಾಕಬೇಕು.

ಸಮಯ ಸಾಲದಿದ್ದರೆ ಏಪ್ರಿಲ್ 15ರೊಳಗೆ ಫಾರ್ಮ್ 4868 ಕಳಿಸಿ, ಅಕ್ಟೋಬರ್ 15ರವರೆಗೆ ಅವಕಾಶ ಸಿಗುತ್ತದೆ. ಅದು ಕಾಗದಕ್ಕೆ ಸಿಕ್ಕ ಸಮಯ, ದುಡ್ಡಿಗಲ್ಲ. ಎಷ್ಟು ಬಾಕಿ ಬರಬಹುದು ಅಂತ ಅಂದಾಜು ಮಾಡಿ ಏಪ್ರಿಲ್‌ನಲ್ಲೇ ಕಟ್ಟಿ. ರಿಟರ್ನ್ ಹಾಕದಿದ್ದರೆ ಬಾಕಿಯ ಮೇಲೆ ತಿಂಗಳಿಗೆ 5 ಪರ್ಸೆಂಟ್ ದಂಡ, 25 ಪರ್ಸೆಂಟ್‌ವರೆಗೆ. ಹಾಕಿಯೂ ಕಟ್ಟದಿದ್ದರೆ ತಿಂಗಳಿಗೆ ಅರ್ಧ ಪರ್ಸೆಂಟ್. ಹಾಗಾಗಿ ಕೈಯಲ್ಲಿ ದುಡ್ಡಿಲ್ಲದಿದ್ದರೂ ಫೈಲ್ ಮಾಡುವುದನ್ನು ಬಿಡಬೇಡಿ.

ಫೆಬ್ರವರಿ ಬಂತೆಂದರೆ ದೇಸಿ ಕನ್ಸಲ್ಟೆನ್ಸಿಗಳ ಫೋನ್ ಶುರು. ಕಡಿಮೆ ಫೀಸು, ಜಾಸ್ತಿ ರಿಫಂಡ್ ಅನ್ನುತ್ತಾರೆ. ಮೂರು ಪ್ರಶ್ನೆ ಕೇಳಿ: ನಿಮಗೆ ಪಿಟಿಐಎನ್ (ದುಡ್ಡಿಗೆ ರಿಟರ್ನ್ ಮಾಡಿಕೊಡುವವರಿಗೆ ಐಆರ್‌ಎಸ್ ಕೊಡುವ ಸಂಖ್ಯೆ) ಇದೆಯಾ, ರಿಟರ್ನ್‌ನಲ್ಲಿ ನಿಮ್ಮ ಸಹಿ ಹಾಕುತ್ತೀರಾ, ಎಫ್‌ಬಾರ್ ಕೂಡ ನೋಡುತ್ತೀರಾ. ಒಂದಕ್ಕೆ ತಡವರಿಸಿದರೂ ಬೇಡ. ಡಬ್ಲ್ಯೂ-2 ಅನ್ನು ವಾಟ್ಸಾಪ್‌ನಲ್ಲಿ ಕಳಿಸಬೇಡಿ, ಅದರಲ್ಲಿ ನಿಮ್ಮ ಎಸ್‌ಎಸ್‌ಎನ್ ಇರುತ್ತದೆ. ಇಲ್ಲದ ಖರ್ಚು ತೋರಿಸಿ ರಿಫಂಡ್ ಏರಿಸಿದರೆ ನೋಟಿಸ್ ಬರುವುದು ನಿಮ್ಮ ಮನೆಗೆ.

ಹಿಂದಿನ ವರ್ಷಗಳ ಎಫ್‌ಬಾರ್ ಬಿಟ್ಟುಹೋಗಿದೆ ಅಂತ ಈಗ ಗೊತ್ತಾದವರು ಸುಮ್ಮನೆ ಕೂರಬೇಡಿ. ಆದಾಯವನ್ನೆಲ್ಲ ತೋರಿಸಿ ಇದೊಂದನ್ನೇ ಬಿಟ್ಟಿದ್ದರೆ, ಐಆರ್‌ಎಸ್ ಕೇಳುವ ಮುಂಚೆ ಕಾರಣ ಬರೆದು ತಡವಾಗಿ ಹಾಕಿದಾಗ ಸಾಮಾನ್ಯವಾಗಿ ದಂಡ ಹಾಕುವುದಿಲ್ಲ. ಆದಾಯವನ್ನೂ ಬಿಟ್ಟಿದ್ದರೆ ಸ್ಟ್ರೀಮ್‌ಲೈನ್ಡ್ ಅನ್ನುವ ದಾರಿ ಇದೆ: ಮೂರು ವರ್ಷದ ರಿಟರ್ನ್ ತಿದ್ದಬೇಕು, ಆರು ವರ್ಷದ ಎಫ್‌ಬಾರ್ ತುಂಬಬೇಕು, ಇಲ್ಲಿ ವಾಸಿಸುವವರು 5 ಪರ್ಸೆಂಟ್ ದಂಡ ಕಟ್ಟಬೇಕು. ಇದನ್ನು ಮಾತ್ರ ಒಬ್ಬರೇ ಮಾಡಲು ಹೋಗಬೇಡಿ, ವಿದೇಶಿ ಖಾತೆಗಳ ಕೆಲಸ ಬಲ್ಲ ಎನ್‌ರೋಲ್ಡ್ ಏಜೆಂಟ್ (ಐಆರ್‌ಎಸ್ ಪರವಾನಗಿ ಇರುವ ತೆರಿಗೆ ತಜ್ಞ) ಅಥವಾ ವಕೀಲರನ್ನು ಹಿಡಿಯಿರಿ.